ಬ್ರಿಡ್ಜ್ ಕಲಿತಾಯಿತು, ಇನ್ನು ಆಟ ಸುಧಾರಿಸುವುದು ಹೇಗೆ?

ನಾಲ್ವರು ಎರಡು ಜೋಡಿಯಾಗಿ ಆಡುವ ಇಸ್ಪೀಟಾಟ ಬ್ರಿಡ್ಜ್‌ನ ನಿಯಮ ತಿಳಿಯಲು ಒಂದೆರಡು ವಾರ ಸಾಕು. ಬಿಡ್ಡಿಂಗ್‌ನ (ಎಷ್ಟು ಸುತ್ತು ಗೆಲ್ಲುತ್ತೇವೆಂದು ಹೇಳುವುದು) ಪ್ರಾಥಮಿಕ ಪಾಠ, ಸ್ಟೇಮನ್, ಟ್ರಾನ್ಸ್‌ಫರ್, ಬ್ಲ್ಯಾಕ್‌ವುಡ್ ಎಲ್ಲ ಕೈಹಿಡಿಯಲು ಇನ್ನೊಂದಾರು ತಿಂಗಳು. ಅದಾದ ಮೇಲೆ ಬಹಳ ಮಂದಿಯ ಆಟ ಅಲ್ಲೇ ನಿಂತುಬಿಡುತ್ತದೆ. ವಾರಕ್ಕೆರಡು ಸಲ ತಪ್ಪದೆ ಆಡುತ್ತಾರೆ, ಆದರೆ ಫಲಿತಾಂಶದ ಪಟ್ಟಿಯಲ್ಲಿ ವರ್ಷಗಟ್ಟಲೆ ಅದೇ ಜಾಗ. ಆಗ ಹೆಚ್ಚಿನವರು ಹೊಸ ಕನ್ವೆನ್ಷನ್ (ಜೊತೆಗಾರರು ವಿಶೇಷ ಅರ್ಥ ಕೊಟ್ಟುಕೊಂಡ ಬಿಡ್) ಹುಡುಕಿಕೊಂಡು ಹೊರಡುತ್ತಾರೆ. ಅದು ಸುಲಭದ ದಾರಿ, ಆದರೆ ಫಲ ಕೊಡುವ ದಾರಿಯಲ್ಲ. ಮಧ್ಯಮ ಮಟ್ಟದ ಆಟಗಾರರು ಅಂಕ ಕಳೆದುಕೊಳ್ಳುವುದು ಬಹುಪಾಲು ಎಲೆ ಎಣಿಸದೆ ಆಡುವುದರಿಂದ, ಮೊದಲ ಟ್ರಿಕ್‌ನಲ್ಲಿ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಅವಸರ ಮಾಡುವುದರಿಂದ, ಡಿಫೆನ್ಸ್‌ನಲ್ಲಿ (ಎದುರಾಳಿಯನ್ನು ತಡೆಯುವ ಆಟ) ಜೊತೆಗಾರರ ಎಲೆ ನೋಡದೆ ಇರುವುದರಿಂದ. ಈ ಮೂರನ್ನೂ ಅಭ್ಯಾಸದಿಂದ ಸರಿಪಡಿಸಬಹುದು. ಯಾವ ಕ್ರಮದಲ್ಲಿ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ನೋ ಟ್ರಂಪ್ (ತುರುಪಿಲ್ಲದ ಆಟ) ಓಪನಿಂಗ್ ಎಂದರೆ 15ರಿಂದ 17 ಅಂಕ, ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಒಟ್ಟು 40 ಅಂಕ ಎಂಬಷ್ಟು ಗೊತ್ತಿರುವವರಿಗಾಗಿ ಈ ಬರಹ.

ಎಣಿಕೆಯನ್ನು ಹಂತಹಂತವಾಗಿ ರೂಢಿಸಿಕೊಳ್ಳಿ

"52 ಎಲೆಯನ್ನೂ ನೆನಪಿಡಲು ನನ್ನಿಂದಾಗದು" ಎನ್ನುವವರು ತಪ್ಪು ಕೆಲಸಕ್ಕೆ ಹೆದರುತ್ತಿದ್ದಾರೆ. ಅಷ್ಟನ್ನೂ ಯಾರೂ ನೆನಪಿಡುವುದಿಲ್ಲ. ನಿಮ್ಮ ಕೈ ಮತ್ತು ಡಮ್ಮಿ (ಮೇಜಿನ ಮೇಲೆ ತೆರೆದಿಟ್ಟ ಕೈ) ಸೇರಿ 26 ಎಲೆ ಕಣ್ಣೆದುರೇ ಇರುತ್ತವೆ. ಎಣಿಸಬೇಕಾದ್ದು ಕಾಣದ ಎಲೆಗಳನ್ನು ಮಾತ್ರ, ಅದೂ ಒಂದೊಂದು ಸೂಟ್‌ನಲ್ಲಿ ಐದೋ ಆರೋ ಎಂಬಷ್ಟು. ತುರುಪಿನಲ್ಲಿ ನಿಮ್ಮಿಬ್ಬರಿಗೆ ಸೇರಿ 8 ಇದ್ದರೆ ಹೊರಗಿರುವುದು 5. ಮೊದಲ ಸುತ್ತಿನಲ್ಲಿ ಇಬ್ಬರೂ ಹಾಕಿದರೆ ಉಳಿದದ್ದು 3. ಎರಡನೆಯದರಲ್ಲೂ ಇಬ್ಬರೂ ಹಾಕಿದರೆ 1. ಹದಿಮೂರರವರೆಗೆ ಕೂಡುತ್ತಾ ಹೋಗುವವರು ನಾಲ್ಕನೇ ಟ್ರಿಕ್‌ಗೆ ಲೆಕ್ಕ ತಪ್ಪುತ್ತಾರೆ. ಹೊರಗಿನದನ್ನು ಕಳೆಯುತ್ತಾ ಹೋಗುವವರಿಗೆ ಹಾಗಾಗುವುದು ಅಪರೂಪ.

ಮೊದಲ ಎರಡು ವಾರ ತುರುಪನ್ನು ಮಾತ್ರ ಎಣಿಸಿ, ಬೇರೇನೂ ಬೇಡ. ಮುಂದಿನ ಎರಡು ವಾರ ತುರುಪಿನ ಜೊತೆಗೆ ಎದುರಾಳಿ ಲೀಡ್ ಮಾಡಿದ (ಮೊದಲು ಇಳಿಸಿದ) ಸೂಟ್. ಅದು ಸಲೀಸಾದ ಮೇಲೆ ಒಬ್ಬ ಎದುರಾಳಿಯ ಕೈಯ ಪೂರ್ತಿ ಆಕಾರ (ಯಾವ ಸೂಟ್‌ನಲ್ಲಿ ಎಷ್ಟು ಎಲೆ ಎಂಬುದು). ಇಬ್ಬರದ್ದೂ ಬೇಕಿಲ್ಲ, ಒಬ್ಬರದು ತಿಳಿದರೆ ಇನ್ನೊಬ್ಬರದು ತಾನಾಗಿ ಸಿಗುತ್ತದೆ. ಕೊನೆಗೆ ಅಂಕಗಳು. ಈ ಕ್ರಮವನ್ನು ಹಾರಿಸಿ ಮೊದಲ ದಿನವೇ ನಾಲ್ಕೂ ಸೂಟ್ ಎಣಿಸಲು ಹೋದವರು ಸುಸ್ತಾಗಿ ಒಂದೇ ವಾರದಲ್ಲಿ ಬಿಟ್ಟುಬಿಡುತ್ತಾರೆ.

ಇದಕ್ಕೆ ಪೂರಕವಾಗಿ ಕೈಯ ಆಕಾರಗಳು ಬಾಯಿಪಾಠವಾಗಿರಬೇಕು, ಮಗ್ಗಿಯ ಹಾಗೆ. 4-4-3-2 ಶೇ 21.5ರಷ್ಟು ಬಾರಿ ಬರುತ್ತದೆ, 5-3-3-2 ಶೇ 15.5ರಷ್ಟು, 5-4-3-1 ಶೇ 13ರಷ್ಟು, 5-4-2-2 ಮತ್ತು 4-3-3-3 ತಲಾ ಶೇ 10.5ರಷ್ಟು. ಈ ಐದೇ ಆಕಾರಗಳಲ್ಲಿ ಹತ್ತರಲ್ಲಿ ಏಳು ಕೈಗಳು ಬಂದುಬಿಡುತ್ತವೆ. ಮನೆಯಲ್ಲಿ ಒಂದು ಕಟ್ಟು ಇಟ್ಟುಕೊಂಡು ಹದಿಮೂರು ಎಲೆ ಹಂಚಿ, ಮೂರು ಸೂಟ್‌ಗಳನ್ನಷ್ಟೇ ನೋಡಿ ನಾಲ್ಕನೆಯದು ಎಷ್ಟು ಎಂದು ತಕ್ಷಣ ಹೇಳಿ. 5, 3, 1 ಕಂಡ ಕೂಡಲೇ 4 ಎಂದು ಲೆಕ್ಕ ಹಾಕದೆ ಹೊಳೆಯಬೇಕು. ದಿನಕ್ಕೆ ಹತ್ತು ನಿಮಿಷ ಸಾಕು.

ಕರಾವಳಿ ಕಡೆ ‘ಇಪ್ಪತ್ತೆಂಟು’ ಎಂಬ ಇಸ್ಪೀಟಾಟ ಆಡಿ ಬಂದವರಿಗೆ ಎಲೆ ನೆನಪಿಡುವ ಅಭ್ಯಾಸ ಆಗಲೇ ಇರುತ್ತದೆ. ಅವರು ಕಲಿಯಬೇಕಾದ್ದು ಬೇರೆ: ಬ್ರಿಡ್ಜ್‌ನಲ್ಲಿ ತುರುಪು ಗುಟ್ಟಲ್ಲ, ಒಂದು ಕೈ ಪೂರ್ತಿ ಮೇಜಿನ ಮೇಲಿದೆ, ಬಿಡ್ಡಿಂಗ್ ಪ್ರತಿ ಕೈಯ ಬಗ್ಗೆ ಏನಾದರೂ ಹೇಳಿದೆ. ಇಷ್ಟೆಲ್ಲ ಮಾಹಿತಿ ಕೈಯಲ್ಲಿರುವಾಗ ಊಹೆಯಿಂದ ಆಡುವುದು ನಷ್ಟ.

ಮೊದಲ ಎಲೆ ಹಾಕುವ ಮುನ್ನ ನಿಲ್ಲಿ

ನೀವು ಡಿಕ್ಲೇರರ್ (ಬಿಡ್ ಗೆದ್ದು ತಮ್ಮ ಕೈ, ಡಮ್ಮಿ ಎರಡನ್ನೂ ಆಡಿಸುವವರು) ಆದಾಗ ಡಮ್ಮಿ ಇಳಿಯಿತು ಎಂದರೆ ಕೈಗಳನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಳ್ಳಿ. ಡಮ್ಮಿಯಲ್ಲಿ ಆ ಸೂಟ್‌ನ ಎರಡು ಸಣ್ಣ ಎಲೆ ಮಾತ್ರ ಇದ್ದು ಬೇರೆ ಆಯ್ಕೆ ಇಲ್ಲದಂತೆ ಕಂಡರೂ ಸರಿ, ಯೋಜನೆ ಮುಗಿಯುವವರೆಗೆ ಎಲೆ ಕರೆಯಬೇಡಿ. ಒಂದು ಉದಾಹರಣೆ ನೋಡೋಣ.

ಡಮ್ಮಿ: ಸ್ಪೇಡ್ 7-4, ಹಾರ್ಟ್ ಎಕ್ಕ-8-6, ಡೈಮಂಡ್ ಎಕ್ಕ-ರಾಣಿ-ಗುಲಾಮ-10-5, ಕ್ಲಬ್ 8-6-4.
ನಿಮ್ಮ ಕೈ: ಸ್ಪೇಡ್ ಎಕ್ಕ-6-2, ಹಾರ್ಟ್ ರಾಜ-ರಾಣಿ-5, ಡೈಮಂಡ್ 9-7-3, ಕ್ಲಬ್ ಎಕ್ಕ-ರಾಜ-5-2.

ನೀವು 1 ನೋ ಟ್ರಂಪ್ ಎಂದಿರಿ, ಜೊತೆಗಾರರು 3 ನೋ ಟ್ರಂಪ್ ಎಂದರು. ಎಡಗಡೆಯ ಎದುರಾಳಿ ಸ್ಪೇಡ್ 5 ಲೀಡ್ ಮಾಡಿದ್ದಾರೆ, ಬಲಗಡೆಯವರು ರಾಣಿ ಹಾಕಿದ್ದಾರೆ.

ಖಚಿತ ಟ್ರಿಕ್‌ಗಳನ್ನು ಎಣಿಸಿ: ಸ್ಪೇಡ್ 1, ಹಾರ್ಟ್ 3, ಡೈಮಂಡ್ 1, ಕ್ಲಬ್ 2. ಒಟ್ಟು 7. ಇನ್ನೆರಡು ಡೈಮಂಡ್‌ನಲ್ಲಿ ಸಿಗುತ್ತವೆ, ಆದರೆ ರಾಜನ ಮೇಲೆ ಫಿನೆಸ್ ಮಾಡಬೇಕು (ರಾಜ ಎಡಗಡೆ ಇದೆ ಎಂದು ನಂಬಿ ಡಮ್ಮಿಯಿಂದ ಅದಕ್ಕಿಂತ ಸಣ್ಣ ಎಲೆ ಹಾಕುವುದು). ಫಿನೆಸ್ ಸೋತರೆ ಟ್ರಿಕ್ ಹಿಡಿಯುವವರು ಬಲಗಡೆಯ ಎದುರಾಳಿ. ಅಂದಮೇಲೆ ಅವರ ಕೈಯಲ್ಲಿ ಆಗ ಸ್ಪೇಡ್ ಉಳಿದಿರಬಾರದು.

ಈಗ 11ರ ನಿಯಮ. ಲೀಡ್ ಆದದ್ದು ನಾಲ್ಕನೇ ದೊಡ್ಡ ಎಲೆ ಎಂದುಕೊಂಡರೆ 11ರಿಂದ 5 ಕಳೆದಾಗ 6. ಉಳಿದ ಮೂರು ಕೈಗಳಲ್ಲಿ 5ಕ್ಕಿಂತ ದೊಡ್ಡ ಸ್ಪೇಡ್ ಆರು ಇವೆ. ಡಮ್ಮಿಯಲ್ಲಿ 7, ನಿಮ್ಮಲ್ಲಿ ಎಕ್ಕ ಮತ್ತು 6. ಹಾಗಾದರೆ ಬಲಗಡೆಯವರಲ್ಲಿ ಮೂರು ದೊಡ್ಡ ಎಲೆ ಇವೆ. ಲೆಕ್ಕಕ್ಕೆ ಸಿಗದೆ ಉಳಿದ ಒಂದೇ ಎಲೆ ಸ್ಪೇಡ್ 3. ಅದು ಎಡಗಡೆ ಇದ್ದರೆ ಸ್ಪೇಡ್ 5-3 ಹಂಚಿಕೆ, ಬಲಗಡೆ ಇದ್ದರೆ 4-4. ಒಂದೇ ಒಂದು ಲೀಡ್‌ನಿಂದ ಇಷ್ಟು ತಿಳಿಯಿತು.

ಆದ್ದರಿಂದ ಎಕ್ಕವನ್ನು ಎರಡು ಸಲ ತಡೆಹಿಡಿದು ಮೂರನೇ ಸುತ್ತಿನಲ್ಲಿ ಹಾಕಿ. 5-3 ಇದ್ದರೆ ಬಲಗಡೆಯವರ ಸ್ಪೇಡ್ ಮುಗಿದಿರುತ್ತದೆ. ಡೈಮಂಡ್ ರಾಜನಿಂದ ಟ್ರಿಕ್ ಹಿಡಿದರೂ ಜೊತೆಗಾರರನ್ನು ತಲುಪುವ ದಾರಿ ಅವರಿಗಿಲ್ಲ, ನಿಮಗೆ 10 ಟ್ರಿಕ್. 4-4 ಇದ್ದರೆ ಅವರಿಗೆ ಮೂರು ಸ್ಪೇಡ್, ಒಂದು ಡೈಮಂಡ್, ನಿಮಗೆ 9. ಮೊದಲ ಸುತ್ತಿನಲ್ಲೇ ಎಕ್ಕ ಹಾಕಿದ್ದರೆ? 5-3 ಹಂಚಿಕೆಯಲ್ಲಿ ರಾಜ ಬಲಗಡೆ ಇದ್ದಾಗ ಒಂದು ಡೈಮಂಡ್, ನಾಲ್ಕು ಸ್ಪೇಡ್ ಹೋಗಿ ಒಂದು ಟ್ರಿಕ್ ಕಡಿಮೆ ಬೀಳುತ್ತದೆ. ಎಷ್ಟು ಸಲ ತಡೆಯಬೇಕು ಎಂಬುದಕ್ಕೆ ಸುಲಭದ ಸೂತ್ರವಿದೆ: ಎರಡೂ ಕೈಯಲ್ಲಿರುವ ಆ ಸೂಟ್‌ನ ಎಲೆಗಳನ್ನು 7ರಿಂದ ಕಳೆಯಿರಿ. ಇಲ್ಲಿ 7ರಿಂದ 5 ಹೋದರೆ 2. ಆದರೆ ಸೂತ್ರಕ್ಕಿಂತ ಕಾರಣ ತಿಳಿದಿರುವುದು ಮುಖ್ಯ. ಇನ್ನೊಂದು ಸೂಟ್‌ನಲ್ಲಿ ತಡೆಯೇ ಇಲ್ಲದೆ, ಎದುರಾಳಿ ಅಲ್ಲಿಗೆ ಹಾರಬಹುದು ಎನಿಸಿದರೆ ಎಕ್ಕವನ್ನು ಹಿಡಿದಿಡುವುದೇ ತಪ್ಪಾಗುತ್ತದೆ.

ತುರುಪಿನ ಆಟದಲ್ಲಿ ಗೆಲುವುಗಳ ಬದಲು ಸೋಲುಗಳನ್ನು ಎಣಿಸುವುದು ಅನುಕೂಲ. ಎಣಿಸಿದ ಮೇಲೆ ಹೆಚ್ಚಿನ ಸೋಲು ಎಲ್ಲಿ ಕರಗುತ್ತದೆ ಎಂದು ಹುಡುಕಿ: ಡಮ್ಮಿಯಲ್ಲಿ ತುರುಪು ಹೊಡೆದೋ, ಇನ್ನೊಂದು ಸೂಟ್‌ನ ದೊಡ್ಡ ಎಲೆಯ ಮೇಲೆ ಎಸೆದೋ, ಫಿನೆಸ್‌ನಿಂದಲೋ. ಡಮ್ಮಿಯಲ್ಲಿ ತುರುಪು ಹೊಡೆಯಬೇಕಿದ್ದರೆ ಎದುರಾಳಿಯ ತುರುಪು ಎಳೆಯುವುದನ್ನು ಮುಂದೂಡಿ. ಬೇಡವಾದರೆ ತಡಮಾಡದೆ ಎಳೆಯಿರಿ. ತುರುಪು ಹೆಚ್ಚಿರುವ ಕೈಯಲ್ಲಿ ಹೊಡೆದರೆ ಸಾಮಾನ್ಯವಾಗಿ ಹೊಸ ಟ್ರಿಕ್ ಹುಟ್ಟುವುದಿಲ್ಲ. ಹೇಗೂ ಬರಬೇಕಿದ್ದ ಟ್ರಿಕ್ಕೇ ಬೇಗ ಬಂದಿರುತ್ತದೆ, ಜೊತೆಗೆ ತುರುಪಿನ ಮೇಲಿನ ಹತೋಟಿ ಸಡಿಲವಾಗಿರುತ್ತದೆ.

ಸಾಧ್ಯತೆಯ ಲೆಕ್ಕ, ಬೇಕಾದಷ್ಟು ಮಾತ್ರ

ಹೊರಗೆ 5 ಎಲೆ ಇದ್ದರೆ 3-2 ಹಂಚಿಕೆ ಶೇ 68, 4-1 ಶೇ 28, 5-0 ಶೇ 4. ಹೊರಗೆ 4 ಇದ್ದರೆ 3-1 ಶೇ 50, 2-2 ಶೇ 40, 4-0 ಶೇ 10. ಹೊರಗೆ 6 ಇದ್ದರೆ 4-2 ಶೇ 48, 3-3 ಶೇ 36, 5-1 ಶೇ 15. ಒಂದು ಸಾಮಾನ್ಯ ಫಿನೆಸ್ ಶೇ 50. ಇಷ್ಟು ಮನಸ್ಸಿನಲ್ಲಿದ್ದರೆ ಕ್ಲಬ್ ಮಟ್ಟದ ನೂರಕ್ಕೆ ತೊಂಬತ್ತು ನಿರ್ಧಾರಗಳಿಗೆ ಸಾಕು. ಸಮಸಂಖ್ಯೆಯ ಎಲೆ ಹೊರಗಿದ್ದರೆ ಸಮನಾಗಿ ಹಂಚುವುದು ಕಡಿಮೆ, ಬೆಸಸಂಖ್ಯೆ ಹೊರಗಿದ್ದರೆ ಹೆಚ್ಚುಕಡಿಮೆ ಸಮನಾಗಿ ಹಂಚುವುದು ಜಾಸ್ತಿ. ಹೊರಗೆ ಎರಡೇ ಎಲೆ ಇದ್ದಾಗ ಮಾತ್ರ 1-1 ಶೇ 52, ಇದೊಂದು ಅಪವಾದ.

ಈ ಅಂಕಿಗಳ ನಿಜವಾದ ಉಪಯೋಗ ಎರಡು ಅವಕಾಶಗಳನ್ನು ಸೇರಿಸುವಾಗ. ಒಂದು ಟ್ರಿಕ್ ಬೇಕು. ಒಂದು ಸೂಟ್‌ನಲ್ಲಿ ಡಮ್ಮಿಯ ಎಕ್ಕ-ರಾಜ-ರಾಣಿ-4ರ ಎದುರು ನಿಮ್ಮ 7-5-3, ಇನ್ನೊಂದರಲ್ಲಿ ಎಕ್ಕ-ರಾಣಿಯ ಎದುರು ಸಣ್ಣ ಎಲೆಗಳು. ನೇರವಾಗಿ ಫಿನೆಸ್ ಮಾಡಿ ಸೋತರೆ, ಅಷ್ಟರಲ್ಲಿ ಎದುರಾಳಿ ತಮ್ಮ ಟ್ರಿಕ್ ತೆಗೆದುಕೊಂಡುಬಿಟ್ಟಿರಬಹುದು. ಮೊದಲು ಎಕ್ಕ, ರಾಜ, ರಾಣಿ ಆಡಿ 3-3 ಇದೆಯೇ ನೋಡಿ. ಇದ್ದರೆ 4 ಗೆಲ್ಲುತ್ತದೆ, ಫಿನೆಸ್ ಬೇಕಿಲ್ಲ. ಇಲ್ಲದಿದ್ದರೆ ಆಗ ಫಿನೆಸ್. ಶೇ 36ಕ್ಕೆ ಉಳಿದ 64ರ ಅರ್ಧ ಕೂಡಿದರೆ ಶೇ 68. ಎದುರಾಳಿಗೆ ಟ್ರಿಕ್ ಬಿಟ್ಟುಕೊಡದ ಪರೀಕ್ಷೆ ಮೊದಲು, ಬಿಟ್ಟುಕೊಡಬಹುದಾದದ್ದು ಆಮೇಲೆ. ಈ ಒಂದು ಕ್ರಮ ರೂಢಿಯಾದರೆ ತಿಂಗಳಿಗೆ ಹಲವು ಕಾಂಟ್ರ್ಯಾಕ್ಟ್‌ಗಳು (ಬಿಡ್ಡಿಂಗ್‌ನಲ್ಲಿ ಒಪ್ಪಿಕೊಂಡ ಗುರಿಗಳು) ಉಳಿಯುತ್ತವೆ.

ಒಂಬತ್ತು ಎಲೆ ಇದ್ದು ರಾಣಿ ಇಲ್ಲದಾಗ ಎಕ್ಕ, ರಾಜ ಆಡಿ ಬೀಳಿಸಿ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಅದು ಸರಿಯೇ, ಆದರೆ ಫಿನೆಸ್‌ಗೂ ಅದಕ್ಕೂ ವ್ಯತ್ಯಾಸ ತೀರಾ ಚಿಕ್ಕದು. ಎದುರಾಳಿಯ ಒಂದು ಬಿಡ್ ಸಾಕು ಅದನ್ನು ತಿರುಗಿಸಲು. ಇದಕ್ಕೆ ಬೇರೆಯಾದ, ಹಲವರು ತಪ್ಪುವ ಸಂದರ್ಭ ಇನ್ನೊಂದಿದೆ. ಡಮ್ಮಿಯಲ್ಲಿ ಎಕ್ಕ-10-9-5-4, ನಿಮ್ಮಲ್ಲಿ ರಾಜ-8-6-3. ರಾಜ ಆಡಿದಾಗ ಬಲಗಡೆಯವರಿಂದ ರಾಣಿಯೋ ಗುಲಾಮನೋ ಬಿತ್ತು, ಎಡಗಡೆಯವರು ಸಣ್ಣ ಎಲೆ ಹಾಕಿದರು. ಮುಂದಿನ ಸುತ್ತಿನಲ್ಲಿ ಎಡಗಡೆಯವರು ಮತ್ತೆ ಸಣ್ಣದು ಹಾಕಿದರೆ 10 ಹಾಕಿ ಫಿನೆಸ್ ಮಾಡಿ. ರಾಣಿ-ಗುಲಾಮ ಎರಡೂ ಬಲಗಡೆಯವರಲ್ಲಿದ್ದಿದ್ದರೆ ಅರ್ಧದಷ್ಟು ಸಲ ಇನ್ನೊಂದನ್ನು ಹಾಕುತ್ತಿದ್ದರು. ಒಂದೇ ಇದ್ದಿದ್ದರೆ ಬೇರೆ ದಾರಿಯೇ ಇರಲಿಲ್ಲ. ಹಾಗಾಗಿ ಫಿನೆಸ್ ಹತ್ತಿರಹತ್ತಿರ ಎರಡಕ್ಕೆ ಒಂದರಷ್ಟು ಉತ್ತಮ.

ಎಣಿಕೆ ಮುಂದೆ ಬಂದಾಗ ಈ ಶೇಕಡಾಗಳೂ ಹಿಂದೆ ಸರಿಯುತ್ತವೆ. ಕ್ಲಬ್‌ನಲ್ಲಿ ಡಮ್ಮಿಯ ರಾಜ-ಗುಲಾಮ-5ರ ಎದುರು ನಿಮ್ಮ ಎಕ್ಕ-10-7-4, ರಾಣಿಯನ್ನು ಯಾವ ಕಡೆ ಬೇಕಾದರೂ ಹುಡುಕಬಹುದು. ಈ ಸೂಟ್ ಅನ್ನು ಕೊನೆಗೆ ಇಟ್ಟುಕೊಂಡು ಉಳಿದ ಮೂರನ್ನೂ ಮೊದಲು ಆಡಿ. ಎಡಗಡೆಯವರಲ್ಲಿ 6 ಸ್ಪೇಡ್, 3 ಹಾರ್ಟ್, 3 ಡೈಮಂಡ್ ಕಂಡಿತು ಎಂದರೆ ಅವರಿಗೆ ಕ್ಲಬ್ ಒಂದೇ. ಬಲಗಡೆಯವರಿಗೆ 5. ರಾಣಿ ಬಲಗಡೆ ಇರುವ ಸಾಧ್ಯತೆ ಆರರಲ್ಲಿ ಐದು. ಮೊದಲು ಎಕ್ಕ ಆಡಿದರೆ ರಾಣಿ ಇಲ್ಲದಿದ್ದವರ ಕೈಯೂ ಖಾಲಿಯಾಗಿ ಅನುಮಾನವೇ ಉಳಿಯುವುದಿಲ್ಲ ಎಂದು ಕೆಲವರು ಆಡಿಬಿಡುತ್ತಾರೆ. ಆದರೆ ಬಲಗಡೆಯ ರಾಣಿಯನ್ನು ಹಿಡಿಯಲು ಲೀಡ್ ಡಮ್ಮಿಯಿಂದ ಬರಬೇಕು. ಆದ್ದರಿಂದ ಡಮ್ಮಿಯ ರಾಜನನ್ನು ಮೊದಲು ಆಡಿ, ಅಲ್ಲಿಂದಲೇ ಗುಲಾಮನನ್ನು ಆಡಿ ಫಿನೆಸ್ ಮಾಡಿ. ಅಂಕಗಳೂ ಹೀಗೇ ಮಾತಾಡುತ್ತವೆ: ಮೊದಲ ಅವಕಾಶದಲ್ಲಿ ಪಾಸ್ ಎಂದವರು ಆಗಲೇ 11 ಅಂಕ ತೋರಿಸಿದ್ದರೆ, ಕಾಣದ ರಾಣಿ ಅವರಲ್ಲಿಲ್ಲ.

ಡಿಫೆನ್ಸ್‌ಗೆ ಹೆಚ್ಚು ಸಮಯ ಕೊಡಿ

ನಾಲ್ಕು ಬೋರ್ಡ್‌ಗಳಲ್ಲಿ (ಎಲೆ ಹಂಚಿಕೆಗಳಲ್ಲಿ) ಸರಾಸರಿ ಒಂದರಲ್ಲಿ ನೀವು ಡಿಕ್ಲೇರರ್, ಒಂದರಲ್ಲಿ ಡಮ್ಮಿ, ಎರಡರಲ್ಲಿ ಡಿಫೆಂಡರ್. ಆದರೂ ಓದುವವರು ಡಿಫೆನ್ಸ್ ಬಗ್ಗೆ ಓದುವುದು ಎಲ್ಲಕ್ಕಿಂತ ಕಡಿಮೆ. ಬೇಗ ಮುಂದೆ ಬರಬೇಕೆಂದರೆ ಇಲ್ಲೇ ಕೆಲಸ ಮಾಡಬೇಕು.

ಮೊದಲು ಲೀಡ್. ನೋ ಟ್ರಂಪ್ ವಿರುದ್ಧ ರಾಜ-ಗುಲಾಮ-8-5-3ರಿಂದ 5, ರಾಣಿ-ಗುಲಾಮ-10-4ರಿಂದ ರಾಣಿ. ಎದುರಾಳಿ 1 ನೋ ಟ್ರಂಪ್, 3 ನೋ ಟ್ರಂಪ್ ಎಂದು ನೇರ ಹೋಗಿದ್ದರೆ, ನಿಮ್ಮಲ್ಲಿ ಸರಿಸಮಾನ ಆಯ್ಕೆ ಇದ್ದಾಗ ಸ್ಪೇಡ್ ಅಥವಾ ಹಾರ್ಟ್ ಆರಿಸಿ. ಡಮ್ಮಿಯಲ್ಲಿ ನಾಲ್ಕೆಲೆಯ ಮೇಜರ್ (ಸ್ಪೇಡ್ ಅಥವಾ ಹಾರ್ಟ್) ಇದ್ದಿದ್ದರೆ ಅವರು ಬಹುಶಃ ಸ್ಟೇಮನ್ ಕೇಳುತ್ತಿದ್ದರು. ತುರುಪಿನ ಕಾಂಟ್ರ್ಯಾಕ್ಟ್ ವಿರುದ್ಧ ಎಕ್ಕ ಇರುವ ಸೂಟ್‌ನಿಂದ ಸಣ್ಣದನ್ನು ಲೀಡ್ ಮಾಡಬೇಡಿ: ಡಿಕ್ಲೇರರ್ ಬಳಿ ಒಂಟಿ ರಾಜ ಇದ್ದರೆ ನಿಮ್ಮ ಎಕ್ಕಕ್ಕೆ ಮುಂದೆ ಟ್ರಿಕ್ಕೇ ಸಿಗದೆ ಹೋಗಬಹುದು. ಒಂಟಿ ಎಲೆಯ ಲೀಡ್ ಒಳ್ಳೆಯದಾಗುವುದು ನಿಮ್ಮಲ್ಲಿ ಸಣ್ಣ ತುರುಪುಗಳಿದ್ದಾಗ, ತುರುಪಿನ ಎಕ್ಕ ಇದ್ದರಂತೂ ಇನ್ನೂ ಒಳ್ಳೆಯದು. ತುರುಪಿನಲ್ಲಿ ರಾಣಿ-ಗುಲಾಮ-9 ಇದ್ದರೆ ಅದಕ್ಕೆ ಹೇಗೂ ಟ್ರಿಕ್ ಬರುತ್ತದೆ. ಹೊಡೆಯಲು ಹೋಗಿ ಅದನ್ನೇ ಕಳೆದುಕೊಳ್ಳುತ್ತೀರಿ. ಡಿಕ್ಲೇರರ್ ಎರಡು ಸೂಟ್ ಹೇಳಿ, ಡಮ್ಮಿ ಎರಡನೆಯದನ್ನು ಆರಿಸಿಕೊಂಡು, ಮೊದಲನೆಯದರಲ್ಲಿ ನಿಮ್ಮ ಕೈ ಬಲವಾಗಿದ್ದರೆ ತುರುಪನ್ನೇ ಲೀಡ್ ಮಾಡಿ. ಅವರು ಆ ಸೂಟ್ ಅನ್ನು ಡಮ್ಮಿಯಲ್ಲಿ ಹೊಡೆಯುವ ಆಲೋಚನೆಯಲ್ಲಿರುತ್ತಾರೆ.

ಎರಡನೆಯದು ಸಂಕೇತ. ದೊಡ್ಡ ಎಲೆ ಎಂದರೆ "ಮುಂದುವರಿಸಿ", ಸಣ್ಣದು ಎಂದರೆ "ಬೇಡ" ಎಂಬ ಸಾಂಪ್ರದಾಯಿಕ ಪದ್ಧತಿಯೋ, ಅದರ ತಿರುವುಮುರುವೋ, ಯಾವುದಾದರೂ ಸರಿ. ಯಾವಾಗ ಯಾವ ಸಂಕೇತ ಎಂಬುದು ಮಾತ್ರ ಇಬ್ಬರಿಗೂ ಒಂದೇ ಆಗಿರಬೇಕು. ಸರಳವಾದ ಒಪ್ಪಂದ ಹೀಗಿರಲಿ: ಜೊತೆಗಾರರು ಲೀಡ್ ಮಾಡಿದಾಗ ಇಷ್ಟವೋ ಇಲ್ಲವೋ ಎಂದು ಹೇಳುವುದು, ಡಿಕ್ಲೇರರ್ ತಮ್ಮ ಉದ್ದದ ಸೂಟ್ ಆಡಿದಾಗ ನಿಮ್ಮಲ್ಲಿ ಸಮಸಂಖ್ಯೆಯೋ ಬೆಸಸಂಖ್ಯೆಯೋ ಎಂದು ತಿಳಿಸುವುದು, ಜೊತೆಗಾರರಿಗೆ ತುರುಪು ಹೊಡೆಯಲು ಎಲೆ ಕೊಡುವಾಗ ದೊಡ್ಡದು ಕೊಟ್ಟರೆ ಉಳಿದ ಎರಡು ಸೂಟ್‌ಗಳಲ್ಲಿ ಮೇಲಿನದನ್ನು, ಸಣ್ಣದು ಕೊಟ್ಟರೆ ಕೆಳಗಿನದನ್ನು ಹಿಂತಿರುಗಿಸಿ ಎನ್ನುವುದು. ಟ್ರಿಕ್ ಗೆಲ್ಲಬಲ್ಲ ಎಲೆಯನ್ನು ಸಂಕೇತಕ್ಕೆ ಖರ್ಚು ಮಾಡಬೇಡಿ. ಪ್ರತಿ ಎಲೆಯಲ್ಲೂ ಅರ್ಥ ಹುಡುಕಲೂ ಬೇಡಿ.

ಎರಡನೆಯವರಾಗಿ ಆಡುವಾಗ ಸಣ್ಣದು, ಮೂರನೆಯವರಾಗಿ ದೊಡ್ಡದು ಎಂಬುದು ಒಳ್ಳೆಯ ಆರಂಭ. ಡಮ್ಮಿಯಿಂದ ದೊಡ್ಡ ಎಲೆ ಬಂದಾಗ ಅದರ ಮೇಲೆ ದೊಡ್ಡದು ಹಾಕಬೇಕೇ? ಹಾಕಿದರೆ ನಿಮಗೋ ಜೊತೆಗಾರರಿಗೋ ಕೆಳಗಿನ ಎಲೆ ಬಲಿಯುವಂತಿದ್ದರೆ ಹಾಕಿ. ಡಮ್ಮಿಯಲ್ಲಿ ರಾಣಿ-ಗುಲಾಮ ಎರಡೂ ಇದ್ದರೆ ಮೊದಲನೆಯದಕ್ಕೆ ಸುಮ್ಮನಿದ್ದು ಕೊನೆಯದರ ಮೇಲೆ ಹಾಕುವುದು ಸಾಮಾನ್ಯ ನಿಯಮ.

ಇವೆಲ್ಲಕ್ಕಿಂತ ದೊಡ್ಡ ಆಯುಧ ಅಂಕದ ಎಣಿಕೆ. ಡಿಕ್ಲೇರರ್ 1 ನೋ ಟ್ರಂಪ್ ತೆರೆದಿದ್ದಾರೆ, ಅಂದರೆ 15ರಿಂದ 17. ಡಮ್ಮಿಯಲ್ಲಿ 10, ನಿಮ್ಮಲ್ಲಿ 9. ಹಾಗಾದರೆ ಜೊತೆಗಾರರಲ್ಲಿ 4ರಿಂದ 6. ಅವರಲ್ಲಿ ಒಂದು ಎಕ್ಕ ಮತ್ತು ಒಂದು ರಾಜ ಎರಡೂ ಇದ್ದರೆ ಮಾತ್ರ ಫಲಿಸುವ ಯೋಜನೆ ಇಲ್ಲಿ ವ್ಯರ್ಥ, ಏಕೆಂದರೆ ಅದು 7 ಅಂಕ. ಒಂದು ಎಕ್ಕ ಸಾಕಾಗುವ ಯೋಜನೆ ಹುಡುಕಿ. ಡಮ್ಮಿ ಇಳಿದ ತಕ್ಷಣ ಈ ಕಳೆಯುವ ಲೆಕ್ಕ ಮಾಡುವ ಡಿಫೆಂಡರ್‌ಗಳು ಕ್ಲಬ್ಬಿನಲ್ಲಿ ಬೆರಳೆಣಿಕೆಯಷ್ಟು. ಅವರ ಮೇಜಿನಲ್ಲಿ ಕಾಂಟ್ರ್ಯಾಕ್ಟ್ ಮಾಡುವುದು ಎಷ್ಟು ಕಷ್ಟ ಎಂದು ಆಡಿದವರಿಗೆಲ್ಲ ಗೊತ್ತು.

ಈ ಯೋಚನೆ ಮಾಡುವ ಸಮಯವೂ ಮುಖ್ಯ. ಮೊದಲ ಟ್ರಿಕ್‌ನಲ್ಲಿ ಡಿಕ್ಲೇರರ್ ನಿಂತು ಆಲೋಚಿಸುವಾಗಲೇ ನೀವೂ ಆಲೋಚಿಸಿ ಮುಗಿಸಿ. ನಡುವೆ ಎಲ್ಲೋ ದೀರ್ಘವಾಗಿ ತಡೆದು ಆಡಿದರೆ ನಿಮ್ಮ ಕೈಯಲ್ಲಿ ಏನೋ ಇದೆ ಎಂದು ಎಲ್ಲರಿಗೂ ತಿಳಿಯುತ್ತದೆ, ಜೊತೆಗಾರರಿಗೂ. ಆ ತಡವನ್ನು ನೋಡಿ ಅವರು ಆಡುವಂತಿಲ್ಲ. ಆಡಿದರೆ ಡೈರೆಕ್ಟರ್ (ಆಟದ ತೀರ್ಪುಗಾರರು) ಸ್ಕೋರ್ ಬದಲಿಸಬಹುದು.

ಬಿಡ್ಡಿಂಗ್: ಕಡಿಮೆ ಇರಲಿ, ಗಟ್ಟಿ ಇರಲಿ

ಸ್ಟೇಮನ್, ಟ್ರಾನ್ಸ್‌ಫರ್, ಟೇಕೌಟ್ ಡಬಲ್, ನೆಗೆಟಿವ್ ಡಬಲ್, ವೀಕ್ ಟು, ಕೀ ಕಾರ್ಡ್ ಬ್ಲ್ಯಾಕ್‌ವುಡ್, ನಾಲ್ಕನೇ ಸೂಟ್ ಫೋರ್ಸಿಂಗ್. ಇಷ್ಟು ಇಬ್ಬರಿಗೂ ಪೂರ್ತಿ ಗೊತ್ತಿದ್ದರೆ ವರ್ಷಗಟ್ಟಲೆ ಸಾಕಾಗುತ್ತದೆ. ಹೊಸದನ್ನು ಸೇರಿಸುವ ಮುನ್ನ ಮೂರು ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆಯಿರಿ. ಆ ಬಿಡ್‌ನ ಸಹಜ ಅರ್ಥ ಈಗ ಹೋಯಿತಲ್ಲ, ಅಂಥ ಕೈ ಬಂದರೆ ಏನು ಹೇಳುವುದು? ನಡುವೆ ಎದುರಾಳಿ ಡಬಲ್ ಮಾಡಿದರೆ ಅಥವಾ ಬಿಡ್ ಹೇಳಿದರೆ ಇದು ಚಾಲ್ತಿಯಲ್ಲಿ ಇರುತ್ತದೆಯೇ? ಉತ್ತರ ಬಂದ ನಂತರದ ಮೂರನೇ, ನಾಲ್ಕನೇ ಬಿಡ್‌ಗಳ ಅರ್ಥವೇನು? ಇವುಗಳಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಅದನ್ನು ಸದ್ಯಕ್ಕೆ ಬಿಡಿ. ಒಬ್ಬರಿಗೆ ನೆನಪಿದ್ದು ಇನ್ನೊಬ್ಬರಿಗೆ ಮರೆತ ಒಂದು ಕನ್ವೆನ್ಷನ್, ಅದು ತಂದುಕೊಡಬಹುದಾದ ಲಾಭವನ್ನೆಲ್ಲ ಒಂದೇ ಬೋರ್ಡಿನಲ್ಲಿ ನುಂಗುತ್ತದೆ.

ಅದರ ಬದಲು ಪೈಪೋಟಿಯ ಬಿಡ್ಡಿಂಗ್ ಬಗ್ಗೆ ಮಾತಾಡಿಕೊಳ್ಳಿ. ಅಂಕಗಳು ಎರಡೂ ಕಡೆ ಸರಿಸುಮಾರು ಸಮನಾಗಿದ್ದಾಗ, ನಿಮ್ಮಿಬ್ಬರಿಗೆ ತುರುಪು 8 ಇದ್ದರೆ ಎರಡನೇ ಮಟ್ಟದವರೆಗೆ, 9 ಇದ್ದರೆ ಮೂರನೇ ಮಟ್ಟದವರೆಗೆ ಹೋಗುವುದು ಒಳ್ಳೆಯ ಅಂದಾಜು. ಎದುರಾಳಿಯನ್ನು ಎರಡನೇ ಮಟ್ಟದಲ್ಲಿ ನೆಮ್ಮದಿಯಾಗಿ ಆಡಲು ಬಿಡುವುದು ಮಧ್ಯಮ ಆಟಗಾರರ ಸಾಮಾನ್ಯ ದೌರ್ಬಲ್ಯ.

ಸ್ಕೋರಿಂಗ್ ಪದ್ಧತಿಗೆ ತಕ್ಕಂತೆಯೂ ಬಿಡ್ಡಿಂಗ್ ಬದಲಾಗಬೇಕು. ತಂಡಗಳ ಆಟದಲ್ಲಿ ವಲ್ನರಬಲ್ (ಬಹುಮಾನ, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಇದ್ದಾಗ 4 ಸ್ಪೇಡ್ ಆದರೆ 620, ನೀವು ಕೆಳಗೇ ನಿಂತಿದ್ದರೆ 170. ವ್ಯತ್ಯಾಸ 450, ಅಂದರೆ 10 ಐಎಂಪಿ (ತಂಡಗಳ ಆಟದ ಅಂಕ). ಒಂದು ಕಡಿಮೆಯಾದರೆ 100 ನಷ್ಟ, ನಿಂತಿದ್ದರೆ 140 ಸಿಗುತ್ತಿತ್ತು. ವ್ಯತ್ಯಾಸ 240, ಅಂದರೆ 6 ಐಎಂಪಿ. ಹತ್ತು ಗೆಲ್ಲಲು ಆರನ್ನು ಒಡ್ಡುತ್ತಿದ್ದೀರಿ, ಆದ್ದರಿಂದ ಶೇ 38ರಷ್ಟು ಅವಕಾಶವಿದ್ದರೂ ಗೇಮ್ ಹೇಳಬೇಕು. ವಲ್ನರಬಲ್ ಇಲ್ಲದಾಗ ಲೆಕ್ಕ 6ಕ್ಕೆ 5, ಸುಮಾರು ಶೇ 45 ಬೇಕು. ಜೋಡಿಗಳ ಮ್ಯಾಚ್ ಪಾಯಿಂಟ್ ಆಟದಲ್ಲಿ (ಅದೇ ಎಲೆ ಆಡಿದ ಇತರ ಜೋಡಿಗಳನ್ನು ಮೀರಿಸುವ ಆಟ) ಇದಾವುದೂ ಅನ್ವಯಿಸದು. ಅಲ್ಲಿ 110ಕ್ಕಿಂತ 120 ಹೆಚ್ಚು ಎಂಬುದೇ ಮುಖ್ಯ. ಒಂದು ಹೆಚ್ಚುವರಿ ಟ್ರಿಕ್‌ಗಾಗಿ ತಕ್ಕಮಟ್ಟಿನ ಅಪಾಯ ತೆಗೆದುಕೊಳ್ಳುವುದು ಅಲ್ಲಿ ಸರಿ, ತಂಡಗಳ ಆಟದಲ್ಲಿ ಅದೇ ದೊಡ್ಡ ತಪ್ಪು.

ಆಡಿದ ಮೇಲಿನ ಒಂದು ಗಂಟೆ

24 ಬೋರ್ಡ್‌ಗಳ ಆಟಕ್ಕೆ ಮೂರು, ಮೂರೂವರೆ ಗಂಟೆ ಹಿಡಿಯುತ್ತದೆ. ಅದರ ನಂತರ ಒಂದು ಗಂಟೆ ಪರಿಶೀಲನೆಗೆ ಕೊಡದಿದ್ದರೆ ಕಲಿಕೆ ನಿಧಾನ. ಹ್ಯಾಂಡ್ ರೆಕಾರ್ಡ್ (ಆ ದಿನದ ಎಲೆ ಹಂಚಿಕೆಗಳ ಮುದ್ರಿತ ಪಟ್ಟಿ) ಎದುರಿಟ್ಟುಕೊಂಡು ಎಲ್ಲ ಬೋರ್ಡ್ ನೋಡಬೇಕಿಲ್ಲ. ಮೂರನ್ನು ಆರಿಸಿ: ಕೆಟ್ಟ ಫಲಿತಾಂಶ ಬಂದ ಒಂದು, ಒಳ್ಳೆಯ ಫಲಿತಾಂಶ ಬಂದರೂ ಅನುಮಾನವಿರುವ ಒಂದು, ಡಿಫೆನ್ಸ್‌ನದು ಒಂದು. ಎರಡನೆಯದನ್ನು ಬಿಡಬೇಡಿ. ಎದುರಾಳಿಯ ತಪ್ಪಿನಿಂದ ದಕ್ಕಿದ ಕಾಂಟ್ರ್ಯಾಕ್ಟ್ ನಿಮ್ಮ ತಪ್ಪನ್ನು ಮುಚ್ಚಿಡುತ್ತದೆ.

ರೆಕಾರ್ಡ್‌ನ ಅಡಿಯಲ್ಲಿ ಕಂಪ್ಯೂಟರ್ "ಈ ಕೈಯಲ್ಲಿ 11 ಟ್ರಿಕ್ ಸಾಧ್ಯ" ಎಂದು ಮುದ್ರಿಸಿರುತ್ತದೆ. ಅದು 52 ಎಲೆಗಳನ್ನೂ ನೋಡಿ ಮಾಡಿದ ಲೆಕ್ಕ. ಒಂಟಿ ರಾಜನನ್ನು ಬೀಳಿಸಿ ಗೆದ್ದದ್ದೂ ಅದರಲ್ಲಿ ಸೇರಿರುತ್ತದೆ. ನಿಮಗೆ ಗೊತ್ತಿದ್ದ ಮಾಹಿತಿಯಲ್ಲಿ ಯಾವ ದಾರಿ ಉತ್ತಮವಾಗಿತ್ತು ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಸರಿಯಾದ ಶೇ 68ರ ದಾರಿ ಹಿಡಿದು ಸೋತಿದ್ದರೆ ಅದು ತಪ್ಪಲ್ಲ, ಮುಂದಿನ ಸಲವೂ ಹಾಗೇ ಆಡಿ.

ಒಂದು ನೋಟ್‌ಬುಕ್ ಇಟ್ಟು ಪ್ರತಿ ತಪ್ಪಿನ ಎದುರು ಒಂದು ಗುರುತು ಹಾಕಿ: ಎಣಿಕೆ ತಪ್ಪಿದ್ದು, ಯೋಜನೆ ಮಾಡದೆ ಆಡಿದ್ದು, ಲೀಡ್, ಸಂಕೇತ ನೋಡದೆ ಹೋದದ್ದು, ಬಿಡ್ಡಿಂಗ್ ತೀರ್ಮಾನ, ಒಪ್ಪಂದದ ಗೊಂದಲ, ಆಯಾಸ. ಏಳೆಂಟು ಆಟಗಳಾದ ಮೇಲೆ ಯಾವ ಗುರುತು ಹೆಚ್ಚಿದೆಯೋ ಅದರ ಮೇಲೆ ಮುಂದಿನ ತಿಂಗಳ ಅಭ್ಯಾಸ. ತಪ್ಪುಗಳು ಕೊನೆಯ ಆರೆಂಟು ಬೋರ್ಡ್‌ಗಳಲ್ಲಿ ಗುಂಪಾಗಿ ಬರುತ್ತಿದ್ದರೆ ಅದು ಜ್ಞಾನದ ಕೊರತೆಯಲ್ಲ. ನೀರು, ಲಘು ತಿಂಡಿ, ನೀವು ಡಮ್ಮಿಯಾದಾಗ ಎರಡು ನಿಮಿಷ ಕಣ್ಣಿಗೆ ವಿಶ್ರಾಂತಿ, ಇವುಗಳಿಂದ ಸರಿಹೋಗುವ ವಿಷಯ.

ಕಂಪ್ಯೂಟರ್ ಅಭ್ಯಾಸಕ್ಕೆ ಬ್ರಿಡ್ಜ್ ಬೇಸ್ ಆನ್‌ಲೈನ್ ಚೆನ್ನಾಗಿದೆ. ರೋಬೋಟ್‌ಗಳ ಜೊತೆ ಆಡುವಾಗ ಪ್ರತಿ ಬಿಡ್‌ನ ಮೇಲೆ ಒತ್ತಿ ಅದರ ಅರ್ಥ ಓದಿಕೊಳ್ಳಿ. ರೋಬೋಟ್ ಆಟ ಡಿಕ್ಲೇರರ್ ಅಭ್ಯಾಸಕ್ಕೆ ಸಾಕು, ಡಿಫೆನ್ಸ್‌ಗೆ ಸಾಲದು. ಸಂಕೇತಗಳ ಸಂವಾದ ಮನುಷ್ಯ ಜೊತೆಗಾರರ ಜೊತೆ ಮಾತ್ರ ಬೆಳೆಯುತ್ತದೆ. ದೊಡ್ಡ ಪಂದ್ಯಗಳನ್ನು ನೋಡುವಾಗ ನಾಲ್ಕೂ ಕೈ ತೆರೆದಿಟ್ಟು ನೋಡಬೇಡಿ. ಒಬ್ಬ ಆಟಗಾರರ ಕೈ ಮತ್ತು ಡಮ್ಮಿ ಮಾತ್ರ ಕಾಣುವಂತೆ ಇಟ್ಟುಕೊಂಡು, ಅವರು ಆಡುವ ಮುನ್ನ ನಿಮ್ಮ ಎಲೆಯನ್ನು ಮನಸ್ಸಿನಲ್ಲಿ ನಿರ್ಧರಿಸಿ. ಎದುರುಬದುರು ಕೂತು ಆಡುವ ಅವಕಾಶಕ್ಕೆ ಕರ್ನಾಟಕ ರಾಜ್ಯ ಬ್ರಿಡ್ಜ್ ಸಂಸ್ಥೆಯನ್ನೋ ನಿಮ್ಮೂರಿನ ಕ್ಲಬ್ಬನ್ನೋ ವಿಚಾರಿಸಿ; ನಿಮಗಿಂತ ಬಲವಾದವರು ಬರುವ ದಿನವನ್ನೇ ಆರಿಸಿಕೊಳ್ಳಿ.

ವಯಸ್ಸಾಯಿತು ಎಂದು ಹಿಂಜರಿಯುವವರಿಗೆ ಒಂದು ಮಾತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದ ಪ್ರಣಬ್ ಬರ್ಧನ್ ಅವರಿಗೆ ಆಗ 60 ವರ್ಷ, ಶಿವನಾಥ್ ಸರ್ಕಾರ್ ಅವರಿಗೆ 56. ಬಹುಕಾಲ ಒಟ್ಟಿಗೆ ಆಡಿದ ಜೋಡಿ ಅದು. ಒಳ್ಳೆಯ ಜೊತೆಗಾರಿಕೆಗೆ ಕೆಲವು ಕಟ್ಟುನಿಟ್ಟು ಬೇಕು. ಮೇಜಿನಲ್ಲಿ ಮುಗಿದ ಬೋರ್ಡಿನ ಚರ್ಚೆ ಬೇಡ. ಅನುಮಾನವಿದ್ದರೆ ಸ್ಕೋರ್ ಕಾರ್ಡಿನಲ್ಲಿ ಬೋರ್ಡ್ ಸಂಖ್ಯೆಗೆ ಸುತ್ತು ಹಾಕಿ ಮುಂದಕ್ಕೆ ಹೋಗಿ. ಚರ್ಚೆ ಮರುದಿನ, ಫೋನಿನಲ್ಲಾದರೂ ಸರಿ. ಆಗ ಮೊದಲು ಪ್ರತಿಯೊಬ್ಬರೂ ತಮ್ಮ ನಿರ್ಧಾರದ ಬಗ್ಗೆ ಮಾತ್ರ ಹೇಳಲಿ. "ನಾನು ಮೂರನೇ ಟ್ರಿಕ್‌ನಲ್ಲಿ ಸ್ಪೇಡ್ ಹಿಂತಿರುಗಿಸಿದ್ದು ಈ ಕಾರಣಕ್ಕೆ, ನಿಮ್ಮ 8ರಿಂದ ನಿಮಗೇನು ಹೇಳಬೇಕಿತ್ತು?" ಎಂದು ಕೇಳಿದರೆ ಒಪ್ಪಂದದಲ್ಲಿರುವ ಬಿರುಕು ಕಾಣುತ್ತದೆ. ಅದನ್ನು ಅಂದೇ ಒಂದು ಸಾಲಿನಲ್ಲಿ ಬರೆದು ಇಬ್ಬರ ಬಳಿಯೂ ಇರುವ ಕನ್ವೆನ್ಷನ್ ಕಾರ್ಡಿಗೆ ಸೇರಿಸಿ, ಮುಂದಿನ ಆಟಕ್ಕೆ ಕೂರುವ ಹದಿನೈದು ನಿಮಿಷ ಮೊದಲು ಆ ಸಾಲುಗಳನ್ನು ಒಮ್ಮೆ ಒಟ್ಟಿಗೆ ಓದಿಕೊಳ್ಳಿ.